ಸಾವಿರ ಅಡಿ

2008ರ ಜುಲೈ 2ರಂದು ಅಮೆರಿಕದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ (ಎನ್‌ಎಚ್‌ಆರ್‌ಎ) ಒಂದು ಪ್ರಕಟಣೆ ಹೊರಡಿಸಿತು. ಟಾಪ್ ಫ್ಯೂಯೆಲ್ ಮತ್ತು ಫನ್ನಿ ಕಾರ್ ವರ್ಗದ ಕಾರುಗಳು ಇನ್ನು ಕಾಲು ಮೈಲಿ ಓಡುವಂತಿಲ್ಲ, ಸಾವಿರ ಅಡಿಗೇ ಓಟ ಮುಗಿಯಬೇಕು ಎಂಬುದು ಅದರ ಸಾರ. ಕಾಲು ಮೈಲಿ ಎಂದರೆ 1320 ಅಡಿ. ಬಿಟ್ಟುಕೊಟ್ಟದ್ದು 320 ಅಡಿ. ಗಂಟೆಗೆ 300 ಮೈಲಿ ವೇಗದ ಕಾರು ಸೆಕೆಂಡಿಗೆ 440 ಅಡಿ ದಾಟುತ್ತದೆ. ಆ 320 ಅಡಿಗೆ ಅದಕ್ಕೆ ಮುಕ್ಕಾಲು ಸೆಕೆಂಡೂ ಬೇಡ. ಇಷ್ಟನ್ನು ಬಿಟ್ಟುಕೊಡಲು ಡ್ರ್ಯಾಗ್ ರೇಸಿಂಗ್‌ಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹನ್ನೊಂದು ದಿನ ಮೊದಲು ಒಬ್ಬ ಚಾಂಪಿಯನ್ ಸತ್ತಿರದಿದ್ದರೆ ಇನ್ನೂ ಎಷ್ಟು ಕಾಲ ಹಿಡಿಯುತ್ತಿತ್ತೋ.

ಈ ಆಟ ನೋಡದವರಿಗೆ ಎರಡು ಮಾತು. ಎರಡು ಕಾರು, ಎರಡು ಲೇನು, ನೇರ ದಾರಿ, ತಿರುವೇ ಇಲ್ಲ. ನಿಂತಲ್ಲಿಂದ ಹೊರಟು ಗೆರೆಯನ್ನು ಮೊದಲು ಮುಟ್ಟಿದವರು ಗೆದ್ದರು. ಮೇಲಿನ ವರ್ಗಗಳಲ್ಲಿ ಇದೆಲ್ಲ ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಜನ ಆ ನಾಲ್ಕು ಸೆಕೆಂಡನ್ನೇ ನೋಡುತ್ತಾರೆ, ದಾಖಲೆಗಳೂ ಅದರದ್ದೇ. ಗೆರೆ ದಾಟಿದ ಮೇಲೆ ಕಾರು ನಿಲ್ಲಬೇಕಲ್ಲ, ಆ ಭಾಗದ ಚರಿತ್ರೆಯನ್ನು ಬರೆಯುವವರು ಕಡಿಮೆ. ನನಗೆ ಮುಖ್ಯ ಅನಿಸುವುದು ಅದೇ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ಲಚ್ ಪ್ಲೇಟುಗಳ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಲಾರಿ, ಬಸ್ಸು, ಟ್ರ್ಯಾಕ್ಟರಿನ ಪ್ಲೇಟುಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ಪ್ರತಿ ಲಾಟಿನಿಂದ ಕೆಲವನ್ನು ಆರಿಸಿ ಬರ್ಸ್ಟ್ ಟೆಸ್ಟಿಗೆ ಹಾಕುತ್ತಿದ್ದೆವು. ದಪ್ಪ ಉಕ್ಕಿನ ಗೋಡೆಯ ಗುಂಡಿ, ಅದರ ಮೇಲೆ ಬೋಲ್ಟು ಬಿಗಿದ ಮುಚ್ಚಳ, ಒಳಗೆ ಬಿಸಿ ಮಾಡಿದ ಪ್ಲೇಟು. ಅದು ಒಡೆಯುವ ತನಕ ವೇಗ ಏರಿಸುತ್ತ ಹೋಗಬೇಕು. ಒಡೆದ ಪೆಟ್ಟು ಕಿವಿಗೆ ಬೀಳುವುದಕ್ಕೆ ಮೊದಲೇ ಅಂಗಾಲಿಗೆ ತಿಳಿಯುತ್ತಿತ್ತು. ಮುಚ್ಚಳ ತೆಗೆದರೆ ಲೈನಿಂಗ್ ಪುಡಿಪುಡಿಯಾಗಿ, ಹಿತ್ತಾಳೆಯ ರಿವೆಟ್‌ಗಳು ಗೋಡೆಯ ಒಳಹೊದಿಕೆಯಲ್ಲಿ ನೆಟ್ಟುಕೊಂಡಿರುತ್ತಿದ್ದವು. ಉಗುರಿನಷ್ಟಿರುವ ಆ ರಿವೆಟ್‌ಗಳನ್ನು ಕಿತ್ತು ತೆಗೆಯಲು ಇಕ್ಕಳ ಬೇಕಾಗುತ್ತಿತ್ತು. ತಿರುಗುವ ಲೋಹ ಒಡೆದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಅದಕ್ಕೇ ಡ್ರ್ಯಾಗ್ ರೇಸಿಂಗಿನ ಹಳೆಯ ಕಾರುಗಳ ಚಿತ್ರ ಮೊದಲ ಸಲ ಕಂಡಾಗ ಚಾಲಕ ಕೂತ ಜಾಗ ನೋಡಿ ನನ್ನ ಮೈ ಜುಮ್ಮೆಂದಿತು.

ಆ ಕಾರುಗಳ ಕಥೆ ಶುರುವಾಗುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳಲ್ಲಿ. ಮ್ಯುರಾಕ್, ಎಲ್ ಮಿರಾಜ್ ಎಂಬ ಬಯಲುಗಳಲ್ಲಿ ಎರಡನೇ ಮಹಾಯುದ್ಧಕ್ಕೂ ಮೊದಲೇ ಹುಡುಗರು ಹಳೆಯ ಫೋರ್ಡ್‌ಗಳನ್ನು ಬಿಚ್ಚಿ ಹಗುರ ಮಾಡಿ ಓಡಿಸುತ್ತಿದ್ದರು. ಅಲ್ಲಿ ನಿಲ್ಲುವ ಚಿಂತೆ ಇರಲಿಲ್ಲ. ಮುಂದೆ ಮೈಲಿಗಟ್ಟಲೆ ಬರೀ ನೆಲ. ಯುದ್ಧ ಮುಗಿದು ಸೈನ್ಯದಿಂದ ಮರಳಿದವರ ಕೈಯಲ್ಲಿ ಒಂದಿಷ್ಟು ದುಡ್ಡೂ ಮೆಕ್ಯಾನಿಕ್ ಕೆಲಸವೂ ಇತ್ತು. ಕೆರೆಯಂಗಳಕ್ಕೆ ಹೋಗಲು ತಾಳ್ಮೆ ಇಲ್ಲದವರು ಊರಿನ ರಸ್ತೆಗಳಲ್ಲೇ ರಾತ್ರಿ ಪಂದ್ಯ ಕಟ್ಟತೊಡಗಿದರು. ಜನ ಸತ್ತರು, ಪತ್ರಿಕೆಗಳು ಬೈದವು, ಪೊಲೀಸರು ಬೆನ್ನಟ್ಟಿದರು.

ಆಗ 'ಹಾಟ್ ರಾಡ್' ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಕಟ್ಟಿದರು. ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ನಿಯಮವಿರುವ ಜಾಗಕ್ಕೆ ತರುವುದು ಅವರ ಗುರಿ. ಅಂಥ ಜಾಗವೊಂದು ಅಷ್ಟು ಹೊತ್ತಿಗೆ ತಯಾರಾಗಿತ್ತು. 1950ರಲ್ಲಿ ಸಿ. ಜೆ. ಹಾರ್ಟ್, ಎಲ್ಲರ ಬಾಯಲ್ಲಿ 'ಪ್ಯಾಪಿ' ಹಾರ್ಟ್, ಸ್ಯಾಂಟಾ ಆನಾದ ವಿಮಾನ ನಿಲ್ದಾಣದ ಪಟ್ಟಿಯ ಮೇಲೆ ಐವತ್ತು ಸೆಂಟ್ ಪ್ರವೇಶ ದರ ಇಟ್ಟು ಭಾನುವಾರದ ಪಂದ್ಯ ನಡೆಸತೊಡಗಿದ್ದರು. ದೇಶದ ತುಂಬ ಯುದ್ಧಕಾಲದ ರನ್‌ವೇಗಳು ಖಾಲಿ ಬಿದ್ದಿದ್ದವು. ಆಟ ಅಲ್ಲೆಲ್ಲ ಹರಡಿತು. ಕಾಲು ಮೈಲಿಯೇ ಏಕೆ ಎಂಬುದಕ್ಕೆ ಹಳಬರು ಎರಡು ವಿವರಣೆ ಕೊಡುತ್ತಾರೆ. ಅಮೆರಿಕದ ಕುದುರೆಗಳ ಕಾಲು ಮೈಲಿ ಜೂಜಿನಿಂದ ಬಂತು ಎಂಬುದು ಒಂದು. ಇದ್ದ ಪಟ್ಟಿಯಲ್ಲಿ ಅಷ್ಟು ಓಡಿದರೆ ಉಳಿದದ್ದು ನಿಲ್ಲಲು ಸಾಕಾಗುತ್ತಿತ್ತು ಎಂಬುದು ಇನ್ನೊಂದು. ಎರಡನೆಯದು ನಿಜವಿದ್ದರೆ ಈ ಅಳತೆ ಹುಟ್ಟಿದ್ದೇ ಬ್ರೇಕಿನ ಲೆಕ್ಕದಿಂದ.

ಪಾರ್ಕ್ಸ್ ಮಾಡಿದ ಕೆಲಸಗಳಲ್ಲಿ ನನಗೆ ತುಂಬ ಹಿಡಿಸಿದ್ದು 1954ರ ಸೇಫ್ಟಿ ಸಫಾರಿ. ಪೊಮೋನಾದ ಪೊಲೀಸ್ ಇಲಾಖೆಯಲ್ಲಿದ್ದ ಬಡ್ ಕೂನ್ಸ್ ಮತ್ತು ಮೂವರು ಸಂಗಡಿಗರು ಒಂದು ಸ್ಟೇಷನ್ ವ್ಯಾಗನ್ನಿಗೆ ಟ್ರೇಲರ್ ಕಟ್ಟಿಕೊಂಡು ದೇಶ ಸುತ್ತಿದರು. ಟ್ರೇಲರಿನಲ್ಲಿ ಗಡಿಯಾರ, ಟೆಲಿಫೋನ್, ಧ್ವನಿವರ್ಧಕ. ಹೋದ ಊರಿನಲ್ಲಿ ಕಾರ್ ಕ್ಲಬ್ಬಿನವರನ್ನೂ ಅಲ್ಲಿನ ಪೊಲೀಸರನ್ನೂ ಒಟ್ಟು ಕೂರಿಸಿ, ಕಾರು ತಪಾಸಣೆ ಹೇಗೆ, ಜನರನ್ನು ಎಷ್ಟು ದೂರ ನಿಲ್ಲಿಸಬೇಕು ಎಂದು ಹೇಳಿಕೊಡುತ್ತಿದ್ದರು. ನಮ್ಮ ಬೆಂಗಳೂರಿನ ಏರ್‌ಪೋರ್ಟ್ ರಸ್ತೆಯಲ್ಲಿ ಮಧ್ಯರಾತ್ರಿ ವೀಲಿಂಗ್ ಮಾಡುವ ಹುಡುಗರ ಗಾಡಿ ಹಿಡಿದು ಕೇಸು ಹಾಕಿದ ಸುದ್ದಿ ಓದಿದಾಗಲೆಲ್ಲ ನನಗೆ ಆ ಟ್ರೇಲರ್ ನೆನಪಾಗುತ್ತದೆ. ಕೇಸು ಹಾಕಲೇಬೇಕು, ಆ ರಸ್ತೆಯಲ್ಲಿ ಓಡಾಡುವವರ ಜೀವದ ಪ್ರಶ್ನೆ ಅದು. ಆದರೆ ಆ ಹುಡುಗರಿಗೆ ಹೆಲ್ಮೆಟ್ಟು ತೊಡಿಸಿ, ಗಾಡಿ ಪರೀಕ್ಷಿಸಿ, 'ಇಲ್ಲಿ ಓಡಿಸು' ಎನ್ನಲು ಊರಿನ ಹತ್ತಿರ ಒಂದು ಪಟ್ಟಿ ಇರಬೇಕೆಂದು ನಾನು ನಂಬುತ್ತೇನೆ.

ವೇಗ ಮಾತ್ರ ಯಾರಿಗೂ ಕಾಯಲಿಲ್ಲ. ಐವತ್ತರ ದಶಕದ ನಡುವೆ ಗಂಟೆಗೆ 150 ಮೈಲಿ ಆಯಿತು. ಪೆಟ್ರೋಲಿನ ಬದಲು ನೈಟ್ರೋಮೀಥೇನ್ ಸುರಿದವರು ಇನ್ನೂ ಮುಂದೆ ಹೋದರು. ಈ ದ್ರವ ತನ್ನೊಳಗೇ ಆಮ್ಲಜನಕ ಹೊತ್ತಿರುತ್ತದೆ. ಒಂದು ಪಾಲು ಪೆಟ್ರೋಲು ಉರಿಯಲು ಸುಮಾರು ಹದಿನಾಲ್ಕೂವರೆ ಪಾಲು ಗಾಳಿ ಬೇಕಾದರೆ ಇದಕ್ಕೆ ಎರಡು ಪಾಲೂ ಬೇಡ. ಹಾಗಾಗಿ ಅದೇ ಸಿಲಿಂಡರಿಗೆ ಹಲವು ಪಟ್ಟು ಇಂಧನ ತುಂಬಬಹುದು. 1957ರಲ್ಲಿ ಎನ್‌ಎಚ್‌ಆರ್‌ಎ ತನ್ನ ಪಂದ್ಯಗಳಲ್ಲಿ ನೈಟ್ರೋ ನಿಷೇಧಿಸಿತು. ನಿಷೇಧವೇನೋ ಆಯಿತು, ನೈಟ್ರೋ ಕಾರುಗಳು ಅದರ ಅಂಕೆಯಲ್ಲಿಲ್ಲದ ಟ್ರ್ಯಾಕುಗಳಿಗೆ ಹೋದವು, ಅಪಾಯವೂ ಜೊತೆಗೇ ಹೋಯಿತು. 1960ರ ದಶಕದ ಮೊದಲ ವರ್ಷಗಳಲ್ಲಿ ನಿಷೇಧ ತೆಗೆಯಬೇಕಾಯಿತು. ಅಷ್ಟರಲ್ಲಿ ಫ್ಲಾರಿಡಾದ ಡಾನ್ ಗಾರ್ಲಿಟ್ಸ್ 1959ರಲ್ಲಿ ದಕ್ಷಿಣ ಕ್ಯಾರೊಲಿನಾದ ಚೆಸ್ಟರ್‌ನಲ್ಲಿ ಸೂಪರ್‌ಚಾರ್ಜರ್ ಸ್ಫೋಟವಾಗಿ ಮುಖ, ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದರು.

ಬ್ರೇಕು ಈ ವೇಗಕ್ಕೆ ಸಾಲುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡವರು ಪ್ಯಾರಾಶೂಟ್ ತಂದರು. ಪ್ಯಾರಾಶೂಟ್ ಉದ್ಯಮದಿಂದ ಬಂದ ಜಿಮ್ ಡೀಸ್ಟ್ ಒಬ್ಬರು. ಇನ್ನೊಬ್ಬರು ಬಿಲ್ ಸಿಂಪ್ಸನ್. ಹದಿನೆಂಟರ ಹರೆಯದಲ್ಲಿ ಡ್ರ್ಯಾಗ್‌ಸ್ಟರ್ ನಿಲ್ಲಿಸಲಾಗದೆ ಎರಡೂ ತೋಳು ಮುರಿದುಕೊಂಡವರು. ಎರಡು ಕೈಗೂ ಪಟ್ಟು ಹಾಕಿಸಿಕೊಂಡು ಮಲಗಿದ್ದಾಗ, ಕಾರು ನಿಲ್ಲಿಸುವ ಬಗ್ಗೆ ಯಾರೂ ಯೋಚಿಸಿಲ್ಲ ಎಂಬುದು ಅವರಿಗೆ ಹೊಳೆಯಿತು. ಮುಂದೆ ಅವರು ಕಟ್ಟಿದ ಕಂಪನಿ ಪ್ಯಾರಾಶೂಟು, ಬೆಲ್ಟು, ಹೆಲ್ಮೆಟ್ಟು, ಬೆಂಕಿ ತಡೆಯುವ ಉಡುಪು ಎಲ್ಲವನ್ನೂ ಮಾಡಿತು. 1967ರಲ್ಲಿ ಗಗನಯಾತ್ರಿ ಪೀಟ್ ಕಾನ್‌ರಾಡ್ ಅವರಿಂದ ನೋಮೆಕ್ಸ್ ಬಟ್ಟೆಯ ಪರಿಚಯವಾದ ಮೇಲೆ ಆ ಉಡುಪುಗಳು ನೋಮೆಕ್ಸಿಗೆ ತಿರುಗಿದವು. ತಾನು ಹೊಲಿಸಿದ ಉಡುಪು ತೊಟ್ಟು ಜನರ ಮುಂದೆ ಮೈಗೆ ಬೆಂಕಿ ಹಚ್ಚಿಸಿಕೊಂಡು ತೋರಿಸಿದವರು ಸಿಂಪ್ಸನ್. ತನ್ನ ಮಾಲಿನ ಪರೀಕ್ಷೆಗೆ ತನ್ನ ಮೈಯನ್ನೇ ಕೊಟ್ಟ ತಯಾರಕರನ್ನು ನಮ್ಮ ಕಸುಬಿನಲ್ಲಿ ನಾನು ಕಾಣಲಿಲ್ಲ. ಅವರ ಬಗ್ಗೆ ನನಗೆ ಅಪಾರ ಗೌರವ.

ಈಗ ಕ್ಲಚ್ಚಿನ ವಿಷಯ. ಅರವತ್ತರ ದಶಕದ ಡ್ರ್ಯಾಗ್‌ಸ್ಟರ್‌ಗಳನ್ನು ಸ್ಲಿಂಗ್‌ಶಾಟ್ ಎನ್ನುತ್ತಿದ್ದರು. ಎಂಜಿನ್ ಮುಂದೆ; ಚಾಲಕ ಹಿಂದಿನ ಅಚ್ಚಿಗಿಂತಲೂ ಹಿಂದೆ, ಎರಡು ದೈತ್ಯ ಟೈರುಗಳ ನಡುವೆ. ಡಿಫರೆನ್ಷಿಯಲ್ಲಿನ ಎರಡೂ ಬದಿ ಕಾಲು ಚಾಚಿ ಕೂರಬೇಕು. ಎಂದರೆ ಕ್ಲಚ್ಚೂ ಗೇರ್‌ಬಾಕ್ಸೂ ಪಾದದಿಂದ ಮೊಣಕಾಲಿನ ತನಕ ಇರುವ ಜಾಗದಲ್ಲಿ. ನಾವು ಉಕ್ಕಿನ ಗುಂಡಿಯಲ್ಲಿ ಮುಚ್ಚಳ ಬಿಗಿದು ಒಡೆಯುತ್ತಿದ್ದ ವಸ್ತುವನ್ನು ಇವರು ಎರಡು ಕಾಲಿನ ನಡುವೆ ಇಟ್ಟುಕೊಂಡು ಸಾವಿರಾರು ಅಶ್ವಶಕ್ತಿ ಹಾಯಿಸುತ್ತಿದ್ದರು. ಸುತ್ತ ಉಕ್ಕಿನ ಕವಚ ಇರುತ್ತಿತ್ತು, ಸ್ಕ್ಯಾಟರ್‌ಶೀಲ್ಡ್ ಎಂದು ಅದರ ಹೆಸರು. ಆದರೆ ಕ್ಲಚ್ ಜಾರಿಸಿ ಓಡಿಸುವ ತಂತ್ರ ಬಂದ ಮೇಲೆ ಒಳಗಿನ ಬಿಸಿ ಬೇರೆಯೇ ಮಟ್ಟ ಮುಟ್ಟಿತು. ಕಾದ ಉಕ್ಕಿಗೆ ತಣ್ಣಗಿನ ಉಕ್ಕಿನ ಬಲ ಇರುವುದಿಲ್ಲ. ಪ್ಲೇಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಇಲ್ಲವೇ ಸೀಳುತ್ತವೆ. ಸೀಳಿದ ತುಂಡಿಗೆ ಕವಚ ಸಾಲದೇ ಹೋಗುತ್ತದೆ.

1967ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಟ್ರ್ಯಾಕಿನಲ್ಲಿ ಮೈಕ್ ಸೊರೋಕಿನ್ ಕ್ಲಚ್ ಸ್ಫೋಟದಿಂದ ಸತ್ತರು. 1969ರಲ್ಲಿ ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್‌ನಲ್ಲಿ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲಿದ್ದ ಜಾನ್ ಮುಲಿಗನ್ ಅದೇ ಬಗೆಯ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ಕೆಲವು ವಾರಗಳಲ್ಲಿ ತೀರಿಕೊಂಡರು. ಮರುವರ್ಷ ಅದೇ ಪಂದ್ಯದ ಅಂತಿಮ ಓಟ: ಡಾನ್ ಪ್ರುಡೋಮ್ ಒಂದು ಲೇನಿನಲ್ಲಿ, ಜಿಮ್ ನಿಕಲ್ ಇನ್ನೊಂದರಲ್ಲಿ. ಗೆರೆಯ ಹತ್ತಿರ ನಿಕಲ್ ಅವರ ಕ್ಲಚ್ ಒಡೆದು ಕಾರು ಎರಡು ತುಂಡಾಯಿತು. ಚಾಲಕ ಇದ್ದ ತುಂಡು ತಡೆಬೇಲಿಯಾಚೆಗೆ ಹೋಯಿತು. ನಿಕಲ್ ಬದುಕಿದರು. ಗೆದ್ದ ಪ್ರುಡೋಮ್ ಮಾತ್ರ ತನ್ನ ಎದುರಾಳಿ ಸತ್ತನೆಂದೇ ತಿಳಿದು ಅಲ್ಲೇ ಕುಸಿದಿದ್ದರು.

ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವುದು 1970ರ ಮಾರ್ಚ್ 8, ಲಾಂಗ್ ಬೀಚ್ ಬಳಿಯ ಲಯನ್ಸ್ ಟ್ರ್ಯಾಕ್. ಗಾರ್ಲಿಟ್ಸ್ ಅವರ ಕಾರಿನ ಎರಡು ಗೇರಿನ ಟ್ರಾನ್ಸ್‌ಮಿಷನ್ ಹೊರಟ ಕ್ಷಣದಲ್ಲೇ ಸಿಡಿಯಿತು. ಬಲಪಾದದ ಮುಂಭಾಗ ಹೋಯಿತು, ಕಾರು ನಡುವೆ ಕತ್ತರಿಸಿ ಬಿತ್ತು, ಪ್ರೇಕ್ಷಕನೊಬ್ಬನ ತೋಳಿಗೂ ಚೂರು ತಗುಲಿತು. ಆಸ್ಪತ್ರೆಯಲ್ಲಿ ಮಲಗಿದ್ದ ಗಾರ್ಲಿಟ್ಸ್ ಇನ್ನು ಓಡಿಸುವುದಿಲ್ಲ ಅನ್ನಲಿಲ್ಲ. ಎಂಜಿನ್ನನ್ನು ಬೆನ್ನ ಹಿಂದೆ ಹಾಕಬೇಕು ಎಂದರು. ಮೊದಲೂ ಕೆಲವರು ಅದನ್ನು ಮಾಡಿ ಕೈ ಸುಟ್ಟುಕೊಂಡಿದ್ದರು. ಮುಂದೆ ಕೂತ ಚಾಲಕನಿಗೆ ಹಿಂದಿನ ಚಕ್ರ ಜಾರುವುದು ತಡವಾಗಿ ತಿಳಿಯುತ್ತದೆ, ಕಾರು ಅತ್ತಿತ್ತ ಅಲೆಯುತ್ತದೆ. ಗಾರ್ಲಿಟ್ಸ್ ಅವರ ಗುಂಪಿಗೂ ತಿಂಗಳುಗಟ್ಟಲೆ ಅದೇ ತಲೆನೋವು. ಕೊನೆಗೆ ಕೈಗೆ ಸಿಕ್ಕ ಪರಿಹಾರ ಬಹಳ ಚಿಕ್ಕದು: ಸ್ಟೀರಿಂಗನ್ನು ನಿಧಾನ ಮಾಡಿದರು. ಚಾಲಕ ಚಕ್ರವನ್ನು ಎಷ್ಟು ತಿರುಗಿಸಿದರೂ ಮುಂದಿನ ಟೈರು ಮೊದಲಿಗಿಂತ ಕಡಿಮೆ ಹೊರಳುವಂತೆ ಮಾಡಿದ್ದೇ ತಡ, ಕಾರು ಗೆರೆ ಎಳೆದಂತೆ ಓಡಿತು. 'ಸ್ವಾಂಪ್ ರ್‍ಯಾಟ್ 14' ಎಂಬ ಆ ಕಾರು 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದಿತು. ಕೆಲವೇ ವರ್ಷಗಳಲ್ಲಿ ಸ್ಲಿಂಗ್‌ಶಾಟ್‌ಗಳು ಮೇಲಿನ ವರ್ಗದಿಂದ ಕಾಣೆಯಾದವು. ಯಾವ ಸಮಿತಿಯೂ ಅದನ್ನು ಆದೇಶಿಸಲಿಲ್ಲ. ಗೆಲ್ಲುವ ಕಾರೇ ಸುರಕ್ಷಿತ ಕಾರೂ ಆದದ್ದರಿಂದ ಎಲ್ಲರೂ ತಾವಾಗಿ ಬದಲಾದರು. ಅಂಥ ಸುಯೋಗ ಮುಂದೆ ಮತ್ತೆ ಬರಲಿಲ್ಲ.

ಅಮೆರಿಕದಲ್ಲಿ ರೇಸಿಂಗ್ ಭಾಗಗಳ ಸುರಕ್ಷತೆಗೆ ಎಸ್‌ಎಫ್‌ಐ ಎಂಬ ಸಂಸ್ಥೆಯ ಮಾನದಂಡಗಳಿವೆ. ಅದರ ಪಟ್ಟಿಯಲ್ಲಿ 1.1 ಎಂಬ ಮೊಟ್ಟಮೊದಲ ಸಂಖ್ಯೆ ಇರುವುದು ಫ್ಲೈವೀಲ್ ಮತ್ತು ಕ್ಲಚ್ಚಿಗೆ. ಹೆಲ್ಮೆಟ್ಟು, ಉಡುಪು, ಬೆಲ್ಟು ಎಲ್ಲ ಆಮೇಲೆ.

ಮಗ ನ್ಯೂಜೆರ್ಸಿಯಲ್ಲಿ ಇದ್ದುದರಿಂದ ಬೇಸಿಗೆಯಲ್ಲಿ ನಾನು ಅಲ್ಲಿ ಹೋಗಿ ಇರುತ್ತಿದ್ದೆ. ಅವನ ಮನೆಯಿಂದ ದೂರವಿಲ್ಲದ ಇಂಗ್ಲಿಷ್‌ಟೌನಿನಲ್ಲಿ ರೇಸ್‌ವೇ ಪಾರ್ಕ್ ಇತ್ತು. ಸಮ್ಮರ್‌ನ್ಯಾಷನಲ್ಸ್ ಸಮಯದಲ್ಲಿ ಅಲ್ಲಿಗೆ ಹೋದಾಗ ನಾನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. 'ಅಮ್ಮಾ, ಹತ್ತಿ ಸಾಲಲ್ಲ, ಇದನ್ನ ಹಾಕ್ಕೋ' ಎಂದು ಮಗ ವಿಮಾನ ನಿಲ್ದಾಣದ ಕೆಲಸಗಾರರು ಹಾಕುವಂಥ ಕಿವಿಮುಚ್ಚಳ ಕೊಟ್ಟ. ಸದ್ದು ಆಗಲೂ ಎದೆಗೂಡಿನೊಳಕ್ಕೆ ಬಂತು. ಈ ಆಟದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಟಿಕೆಟ್ ಕೊಂಡವರೆಲ್ಲ ಪಿಟ್ಟಿಗೆ ಹೋಗಬಹುದು, ಹಗ್ಗದಾಚೆ ನಿಂತು ಎಂಜಿನ್ ಬಿಚ್ಚುವುದನ್ನು ನೋಡಬಹುದು. ನೈಟ್ರೋ ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತದೆ, ಗಂಟಲು ಕಟ್ಟುತ್ತದೆ. ನಾನು ನೋಡಿದ್ದು ಕ್ಲಚ್ ಬೆಂಚು. ಒಂದೇ ಓಟ ಓಡಿ ಬಂದ ಪ್ಲೇಟುಗಳನ್ನು ಹುಡುಗನೊಬ್ಬ ಸಾಲಾಗಿ ಜೋಡಿಸಿ ಮೈಕ್ರೋಮೀಟರಿನಲ್ಲಿ ಅಳೆದು ಬರೆದುಕೊಳ್ಳುತ್ತಿದ್ದ. ನಡುವಿನ ಉಕ್ಕಿನ ಬಿಲ್ಲೆಗಳು ಅಂಚಿನಲ್ಲಿ ನೀಲಿ, ಒಳಗೆ ನೇರಳೆ, ಅಲ್ಲಲ್ಲಿ ಬೂದಿಬಣ್ಣದ ಮಚ್ಚೆ. ತಟ್ಟೆಯಂತಿರಬೇಕಾದದ್ದು ಬಸಿಯ ಹಾಗೆ ಬಾಗಿತ್ತು. ನಮ್ಮಲ್ಲಿ ಇಂಥ ಪ್ಲೇಟು ಬಂದರೆ ಮಾಡಿದವರನ್ನು ಕರೆಸಿ ಕೇಳುತ್ತಿದ್ದೆವು. ಇಲ್ಲಿ ಅದು ಸರಿಯಾಗಿ ಓಡಿದ ಪ್ಲೇಟು. ನಾಲ್ಕು ಸೆಕೆಂಡಿನ ಕೆಲಸ ಮುಗಿಸಿ ಗುಜರಿ ಬುಟ್ಟಿಗೆ ಬೀಳುವುದು ಅದರ ಆಯುಷ್ಯ. ನಾನೂ ಕ್ಲಚ್ಚಿನವಳು ಎಂದು ಮಗ ಹೇಳಿದ ಮೇಲೆ ಆ ಹುಡುಗ ಒಂದು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟ. ಇನ್ನೂ ಬೆಚ್ಚಗಿತ್ತು. ಬೆರಳಿನಿಂದ ಸವರಿದರೆ ಉಗುರಿಗೆ ತಡೆಯುವ ಸಣ್ಣ ಬಿರುಕುಗಳು, ಬಿಸಿಲಿಗೆ ಬಿರಿದ ಕೆರೆಯಂಗಳದ ಹಾಗೆ. ಈಗಿನ ಟೈಟಾನಿಯಂ ಕವಚ ಅವನ ಪಕ್ಕದಲ್ಲೇ ಇತ್ತು. ಸೊರೋಕಿನ್, ಮುಲಿಗನ್ ಅವರ ಕಾಲಕ್ಕೆ ಅದು ಇದ್ದಿದ್ದರೆ ಎಂದು ನಾನು ಆ ಬಿಲ್ಲೆ ಹಿಡಿದೇ ಯೋಚಿಸಿದೆ.

ಅದೇ ಟ್ರ್ಯಾಕಿನಲ್ಲಿ 2008ರ ಜೂನ್ 21ರಂದು ಸ್ಕಾಟ್ ಕಲಿಟಾ ಸತ್ತದ್ದು. ಅಲ್ಲಿಗೆ ಬರುವ ಮೊದಲು ನಡುವಿನ ಕೆಲವು ಹೆಸರುಗಳನ್ನು ಹೇಳಬೇಕು.

1984ರ ಜೂನ್ 29, ಕೆನಡಾದ ಮಾಂಟ್ರಿಯಲ್ ಬಳಿಯ ಸಾನೇರ್. ಶರ್ಲಿ ಮಲ್ಡೌನಿ 1973ರಲ್ಲಿ ಟಾಪ್ ಫ್ಯೂಯೆಲ್ ಲೈಸೆನ್ಸ್ ಪಡೆದ ಮೊದಲ ಹೆಂಗಸು. 1977, 1980, 1982ರಲ್ಲಿ ಚಾಂಪಿಯನ್. ಅಂದು ಗಂಟೆಗೆ ಸುಮಾರು 250 ಮೈಲಿ ವೇಗದಲ್ಲಿ ಅವರ ಕಾರಿನ ಮುಂದಿನ ಟೈರಿನ ಟ್ಯೂಬ್ ಕಿತ್ತು ಚಕ್ರಕ್ಕೆ ಸುತ್ತಿಕೊಂಡಿತು. ಎರಡೂ ಕಾಲು, ಕೈಬೆರಳು, ಸೊಂಟದ ಮೂಳೆ ಮುರಿದವು. ಸೈಕಲ್ ಚಕ್ರದಂತಿರುವ ಆ ಮುಂದಿನ ಟೈರಿನ ಬಗ್ಗೆ ಅಲ್ಲಿಯ ತನಕ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಶಕ್ತಿಯೆಲ್ಲ ಹಿಂದಿನದಕ್ಕೆ ಹೋಗುತ್ತದಲ್ಲ, ಗಮನವೂ ಅಲ್ಲೇ. ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು 1986ರಲ್ಲಿ ಅವರು ಮತ್ತೆ ಸೀಟಿನಲ್ಲಿ ಕೂತರು. 2004ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ಹತ್ತಿರದ ಗೇಟ್‌ವೇ ಟ್ರ್ಯಾಕಿನಲ್ಲಿ ಡ್ಯಾರೆಲ್ ರಸೆಲ್ ಅವರ ಹಿಂದಿನ ಟೈರು ಸಿಡಿಯಿತು. ಅದರ ಚೂರುಗಳು ಚಾಲಕನನ್ನು ಸುತ್ತುವರಿದ ಕಂಬಿಗಳ ಪಂಜರದೊಳಗೆ ನುಗ್ಗಿ ಅವರು ಸತ್ತರು. ಚಾಲಕನ ತಲೆಯ ಹಿಂದೆ ಪಂಜರಕ್ಕೆ ಗಟ್ಟಿ ಹೊದಿಕೆ ಬಂದದ್ದು ಆಮೇಲೆ.

2007ರ ಮಾರ್ಚಿನಲ್ಲಿ ಗೇನ್ಸ್‌ವಿಲ್‌ನಲ್ಲಿ ಪರೀಕ್ಷಾ ಓಟ ಓಡಿಸುತ್ತಿದ್ದ ಎರಿಕ್ ಮೆಡ್ಲೆನ್ ಅವರದು ನನ್ನನ್ನು ತುಂಬ ಕಾಡುವ ಸಾವು. ಟೈರು ನೆಲ ಹಿಡಿಯದೆ, ಬಿಡದೆ ಕುಣಿಯುವುದನ್ನು ಟೈರ್ ಶೇಕ್ ಎನ್ನುತ್ತಾರೆ. ಎಲ್ಲ ಚಾಲಕರಿಗೂ ಅದು ದಿನನಿತ್ಯದ ಅನುಭವ. ಅಂದು ಅದು ಎಷ್ಟು ಜೋರಾಗಿತ್ತೆಂದರೆ ಮೆಡ್ಲೆನ್ ಅವರ ತಲೆ ಪಂಜರದ ಎರಡೂ ಬದಿಗೆ ಬಡಿಯಿತು. ನಾಲ್ಕು ದಿನಕ್ಕೆ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾರಿನ ಕ್ರೂ ಚೀಫ್ ಅವರ ತಂದೆ ಜಾನ್ ಮೆಡ್ಲೆನ್. ಮಗನನ್ನು ಕೂರಿಸಿ ಬೆಲ್ಟು ಬಿಗಿದ ಆ ತಂದೆ, ತಂಡದ ಒಡೆಯ ಜಾನ್ ಫೋರ್ಸ್ ಜೊತೆ ಸೇರಿ, ಪಂಜರದೊಳಗಿನ ಮೆತ್ತೆ ಎಷ್ಟು ದಪ್ಪ ಇರಬೇಕು, ತಲೆಗೂ ಕಂಬಿಗೂ ನಡುವೆ ಎಷ್ಟು ಜಾಗ ಬೇಕು ಎಂಬುದನ್ನು ಅಳೆಯಲು ಕೂತರು. ಎರಿಕ್ ಮೆಡ್ಲೆನ್ ಪ್ರಾಜೆಕ್ಟ್ ಎಂದೇ ಅದಕ್ಕೆ ಹೆಸರಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಟೆಕ್ಸಾಸ್‌ನ ಎನ್ನಿಸ್‌ನಲ್ಲಿ ಫೋರ್ಸ್ ಅವರ ಕಾರು ಮುರಿದು ಬಿದ್ದಿತು. ಕೈಕಾಲು ಮುರಿದವು, ತಲೆ ಉಳಿಯಿತು.

ಇಷ್ಟೆಲ್ಲ ಆದರೂ ಯಾರೂ ನೆಲವನ್ನು ಮುಟ್ಟಲಿಲ್ಲ. ಕವಚ, ಉಡುಪು, ಮೆತ್ತೆ, ಬೆಂಕಿ ಆರಿಸುವ ಸಿಲಿಂಡರು, ಸೂಪರ್‌ಚಾರ್ಜರಿಗೆ ಕೆವ್ಲಾರ್ ಹೊದಿಕೆ ಎಲ್ಲವೂ ಕಾರಿಗೆ. ಟ್ರ್ಯಾಕು ಹಳೆಯದು. ಇಂಗ್ಲಿಷ್‌ಟೌನಿನ ಪಟ್ಟಿ ತೆರೆದದ್ದು 1965ರಲ್ಲಿ. ಹಿಂದಿನ ವರ್ಷವಷ್ಟೇ ಅದೇ ನ್ಯೂಜೆರ್ಸಿಯ ಐಲ್ಯಾಂಡ್ ಡ್ರ್ಯಾಗ್‌ವೇಯಲ್ಲಿ ಗಾರ್ಲಿಟ್ಸ್ 201.34 ಮೈಲಿ ಓಡಿಸಿ, 200 ದಾಟಿದ ಮೊದಲ ಅಧಿಕೃತ ದಾಖಲೆ ಬರೆದಿದ್ದರು. 1992ರಲ್ಲಿ ಕೆನಿ ಬರ್ನ್‌ಸ್ಟೈನ್ 301.70 ಮುಟ್ಟಿದರು. 2005ರಲ್ಲಿ ಟೋನಿ ಶುಮಾಕರ್ 337.58. ವೇಗ ಒಂದೂವರೆ ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಟನ್ನಿಗೆ ತುಸು ಹೆಚ್ಚು ತೂಗುವ ಈ ಕಾರು 300 ಮೈಲಿ ವೇಗದಲ್ಲಿ ಹೊತ್ತಿರುವ ಶಕ್ತಿ, ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಹತ್ತು ಟನ್ನಿನ ಏಳು ಬಸ್ಸುಗಳ ಶಕ್ತಿಗೆ ಸಮ. ಅದನ್ನು ಹಿಡಿಯಲು ಇರುವುದು ಎರಡು ಪ್ಯಾರಾಶೂಟು, ಚಕ್ರದ ಬ್ರೇಕು, ತುದಿಯಲ್ಲಿ ಮರಳು. ಟ್ರ್ಯಾಕನ್ನು ಉದ್ದ ಮಾಡೋಣವೆಂದರೆ ಸುತ್ತ ರಸ್ತೆ, ಮನೆ, ಬೇರೆಯವರ ಜಮೀನು. ಎಂಜಿನ್ ಭಾಗ ದುಡ್ಡಿಗೆ ಸಿಗುತ್ತದೆ, ಬೇಲಿಯಾಚೆಯ ಭೂಮಿ ಸಿಗುವುದಿಲ್ಲ.

ಕಲಿಟಾ 1994 ಮತ್ತು 1995ರ ಟಾಪ್ ಫ್ಯೂಯೆಲ್ ಚಾಂಪಿಯನ್. 2008ರಲ್ಲಿ ಅವರು ಫನ್ನಿ ಕಾರ್ ಓಡಿಸುತ್ತಿದ್ದರು, ವಯಸ್ಸು 46. ಈ ವರ್ಗದಲ್ಲಿ ಎಂಜಿನ್ ಇವತ್ತಿಗೂ ಚಾಲಕನ ಮುಂದೆಯೇ ಇದೆ. ಅರ್ಹತಾ ಸುತ್ತಿನ ಓಟ, ಗೆರೆಯ ಹತ್ತಿರ 300 ಮೈಲಿ ವೇಗದಲ್ಲಿ ಎಂಜಿನ್ ಸಿಡಿಯಿತು, ಬೆಂಕಿ ಹತ್ತಿತು. ಪ್ಯಾರಾಶೂಟುಗಳು ಕಾರನ್ನು ನಿಧಾನ ಮಾಡಲಿಲ್ಲ. ಕಾರು ಮರಳನ್ನೂ ದಾಟಿ ತುದಿಯ ತಡೆಯಾಚೆಗೆ ಹೋಯಿತು. ತಂದೆ ಕಾನಿ ಕಲಿಟಾ ಅದೇ ತಂಡದ ಯಜಮಾನರು, ತಾವೂ ಹಳೆಯ ಡ್ರ್ಯಾಗ್ ರೇಸರ್.

ಸಾವಿರ ಅಡಿಯ ನಿರ್ಧಾರ ಬಂದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಕಾಲು ಮೈಲಿ ಇಲ್ಲದೆ ಡ್ರ್ಯಾಗ್ ರೇಸಿಂಗ್ ಎಲ್ಲಿಯದು, ದಾಖಲೆಗಳನ್ನು ಹೋಲಿಸುವುದು ಹೇಗೆ ಎಂಬುದು ಅವರ ವಾದ. ನನಗೆ ಅವರ ಬೇಸರ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ಕಾಲು ಮೈಲಿ ಯಾರೂ ಪೂಜೆ ಮಾಡಿ ಪ್ರತಿಷ್ಠಾಪಿಸಿದ್ದಲ್ಲ, 150 ಮೈಲಿಯ ಕಾಲದ ಅನುಕೂಲದ ಅಳತೆ. ಆ ಜುಲೈನಲ್ಲೇ ಡೆನ್ವರ್ ಬಳಿಯ ಬ್ಯಾಂಡಿಮಿಯರ್‌ನಲ್ಲಿ ಮೊದಲ ಸಾವಿರ ಅಡಿ ಪಂದ್ಯ ನಡೆಯಿತು. ತಾತ್ಕಾಲಿಕ ಎಂದು ತಂದ ನಿಯಮ ಹಾಗೇ ಉಳಿಯಿತು. ಎಂಜಿನ್ ಸಿಡಿದರೆ ಚಾಲಕನ ಕೈ ಕಾಯದೆ ಇಂಧನ ಮುಚ್ಚಿ ಪ್ಯಾರಾಶೂಟ್ ಬಿಡುವ ವಿದ್ಯುನ್ಮಾನ ಸಾಧನವೂ ಕಡ್ಡಾಯವಾಯಿತು. ಆ ಸಾಧನ ಬಹಳ ಮುಖ್ಯವೆಂದು ನನ್ನ ಭಾವನೆ. ಎಚ್ಚರ ತಪ್ಪಿದ ಚಾಲಕ ಹಿಡಿಕೆ ಎಳೆಯಲಾರ, ಕಣ್ಣಿಗೆ ಎಣ್ಣೆ ರಾಚಿದವನಿಗೆ ಗೆರೆ ಕಾಣುವುದಿಲ್ಲ.

ಪ್ರೇಕ್ಷಕರ ಮಾತನ್ನೂ ಮರೆಯಬಾರದು. 1969ರ ಮಾರ್ಚ್‌ನಲ್ಲಿ ಜಾರ್ಜಿಯಾದ ಯೆಲ್ಲೋ ರಿವರ್ ಟ್ರ್ಯಾಕಿನಲ್ಲಿ ಒಂದು ಕಾರು ಬೇಲಿಗೆ ಒತ್ತಿ ನಿಂತಿದ್ದ ಜನರ ಮೇಲೆ ಹರಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2007ರಲ್ಲಿ ಟೆನ್ನೆಸ್ಸಿಯ ಸೆಲ್ಮರ್ ಪಟ್ಟಣದಲ್ಲಿ ದೇಣಿಗೆ ಕಾರ್ಯಕ್ರಮವೊಂದಕ್ಕೆ ತಂದ ಡ್ರ್ಯಾಗ್ ಕಾರು ಊರ ರಸ್ತೆಯಲ್ಲಿ ಹೊಗೆ ಎಬ್ಬಿಸಿ ತೋರಿಸುವಾಗ ಜನರೊಳಗೆ ನುಗ್ಗಿ ಆರು ಜನ ಸತ್ತರು. ಅಲ್ಲಿ ತಡೆಗೋಡೆಯೇ ಇರಲಿಲ್ಲ. ಐವತ್ತನಾಲ್ಕರಲ್ಲಿ ಕೂನ್ಸ್ ಊರೂರಿಗೆ ಹೋಗಿ ಹೇಳಿದ್ದ ಮೊದಲ ಪಾಠವೇ ಜನರನ್ನು ದೂರ ನಿಲ್ಲಿಸುವುದು.

2024ರ ಜೂನ್‌ನಲ್ಲಿ ವರ್ಜೀನಿಯಾದ ರಿಚ್‌ಮಂಡ್ ಬಳಿ ಜಾನ್ ಫೋರ್ಸ್, ಆಗ 75ರ ವಯಸ್ಸು, ಹದಿನಾರು ಸಲದ ಚಾಂಪಿಯನ್, ಸಾವಿರ ಅಡಿಯ ಗೆರೆಯನ್ನು 300 ಮೈಲಿಗೂ ಮೀರಿದ ವೇಗದಲ್ಲಿ ದಾಟಿದಾಗ ಎಂಜಿನ್ ಸಿಡಿಯಿತು. ಕಾರು ಎರಡೂ ಬದಿಯ ಗೋಡೆಗೆ ಅಪ್ಪಳಿಸಿತು. ಮಿದುಳಿಗೆ ತೀವ್ರ ಪೆಟ್ಟಾಗಿ ಅವರು ಬಹಳ ಕಾಲ ಚಿಕಿತ್ಸೆಯಲ್ಲಿದ್ದರು. 2025ರಲ್ಲಿ ಚಾಲನೆಯಿಂದ ನಿವೃತ್ತರಾದರು. ಮೆಡ್ಲೆನ್ ಅವರ ನಂತರ ಪಂಜರಕ್ಕೆ ಮೆತ್ತೆ ತುಂಬಿಸಿದವರಿಗೇ ಕೊನೆಗೆ ಪೆಟ್ಟು ಬಿದ್ದದ್ದು ತಲೆಗೆ. ಹದಿನೇಳು ವರ್ಷ ಮೊದಲಿನ ಪಂಜರದಲ್ಲಿ ಇದೇ ಆಗಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅವರ ಮಗಳು ಬ್ರಿಟನಿ ಫೋರ್ಸ್ ಟಾಪ್ ಫ್ಯೂಯೆಲ್ ಓಡಿಸಿದವರು. 2025ರಲ್ಲಿ ಅವರು ಸಾವಿರ ಅಡಿಯಲ್ಲೇ ಗಂಟೆಗೆ 340 ಮೈಲಿ ದಾಟಿದರು. 2005ರಲ್ಲಿ ಶುಮಾಕರ್ 1320 ಅಡಿ ಓಡಿ ಮುಟ್ಟಿದ್ದ ವೇಗವನ್ನು ಈಗ 320 ಅಡಿ ಕಡಿಮೆಯಲ್ಲೇ ಮೀರಿದ್ದಾರೆ. ಕಡಿತದಿಂದ ಬಂದ ವೇಗದ ಲಾಭ ಮುಗಿಯಿತು, ನಿಲ್ಲಲು ಸಿಕ್ಕ 320 ಅಡಿ ನೆಲ ಮಾತ್ರ ಉಳಿದಿದೆ. ಇಂಗ್ಲಿಷ್‌ಟೌನಿನಲ್ಲಿ 2018ರಿಂದ ಡ್ರ್ಯಾಗ್ ರೇಸ್ ಇಲ್ಲ. ಬ್ಯಾಂಡಿಮಿಯರ್ 2023ರಲ್ಲಿ ಮುಚ್ಚಿತು. ಉಳಿದ ಟ್ರ್ಯಾಕುಗಳ ಸುತ್ತಲೂ ಊರು ಬೆಳೆಯುತ್ತಿದೆ. ಚಿಕ್ಕ ಸಂಘಟನೆಗಳ ಎಷ್ಟೋ ಪಂದ್ಯಗಳು ಈಗಾಗಲೇ ಕಾಲು ಮೈಲಿಯ ಅರ್ಧ ದೂರಕ್ಕೆ, 660 ಅಡಿಗೆ, ನಡೆಯುತ್ತಿವೆ. ನೈಟ್ರೋ ಕಾರುಗಳನ್ನೂ ಅಲ್ಲಿಗೆ ತರುವ ಮಾತು ಮುಂದೆ ಬಂದರೆ, ಇನ್ನೊಬ್ಬರು ಮರಳು ದಾಟುವ ಮೊದಲೇ ಬರಲಿ.